ಡಬ್ಬಿ ಇದ್ದದ್ದು ನನ್ನ ಕೈಯಲ್ಲಿ

ಬಸ್ಸು ಏರಿನಲ್ಲಿ ನಿಂತುಬಿಡಬಹುದು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ನಿಲ್ಲದಿದ್ದರೆ ಹಿಂದಕ್ಕೆ ಜಾರಬಹುದು. ಕೋಲಾರದ ಇನ್‌ಸ್ಪೆಕ್ಟರ್ ಸಾಹೇಬರು ಬರದೇ ಇರಬಹುದು. ಬಂದರೆ ಇನ್ನೂ ಕಷ್ಟ, ಶಾಲೆಯ ಒಡೆದ ಹೆಂಚು ಎಣಿಸಲು ಶುರುಮಾಡಬಹುದು. ಸಕ್ಕರೆಗೆ ರೇಷನ್ನು ಬಂದಿದ್ದರಿಂದ ಬೆಲ್ಲದಲ್ಲಿ ಮಾಡಿಸಿದ ಮಿಠಾಯಿ ಕಲ್ಲಾಗಬಹುದು, ಅದನ್ನು ಕಚ್ಚಿ ಸಭಾಧ್ಯಕ್ಷರ ಉಳಿದಿರುವ ಹಲ್ಲು ಬೀಳಬಹುದು. ಚಪ್ಪರದ ಗಳ ಮುರಿಯಬಹುದು. ಮುರಿದರೆ ಮೊದಲು ಯಾರ ತಲೆಯ ಮೇಲೆ, ಆಮೇಲೆ ಯಾರ ತಲೆಯ ಮೇಲೆ ಎಂಬುದನ್ನೂ ಯೋಚಿಸಿ ಇಟ್ಟುಕೊಂಡಿದ್ದೆ. ಪ್ರಾರ್ಥನೆ ಹಾಡುವ ಹುಡುಗಿಗೆ ಗಂಟಲು ಕಟ್ಟಬಹುದು. ಹಾರ ಚಿಕ್ಕದಾಗಿ ಪೇಟದ ಮೇಲೇ ಸಿಕ್ಕಿಕೊಳ್ಳಬಹುದು. ಮಳೆ ಬರಬಹುದು. ಕೋಲಾರ ಸೀಮೆಯಲ್ಲಿ ಮಳೆ ಬರಲಿ ಎಂದು ಹರಕೆ ಹೊತ್ತವರನ್ನು ಕಂಡಿದ್ದೇನೆ. ಬಂದೀತೆಂದು ನಿದ್ದೆಗೆಟ್ಟವನು ನಾನೊಬ್ಬನೇ ಇರಬೇಕು. ವಂದನಾರ್ಪಣೆಯಲ್ಲಿ ಮುಖ್ಯವಾದವರೊಬ್ಬರ ಹೆಸರನ್ನು ನಾನು ಬಿಟ್ಟುಬಿಡಬಹುದು, ಅವರು ಸಾಯುವವರೆಗೂ ಅದನ್ನು ಮರೆಯದಿರಬಹುದು. ಎಲ್ಲಕ್ಕಿಂತ ಹೆಚ್ಚಿನ ಅಪಾಯವೆಂದರೆ, ಮೇಷ್ಟ್ರು ಬಾಯಿ ಬಿಟ್ಟು ಮಾತಾಡಬಹುದು.

ಮುಳಬಾಗಿಲಿನ ಶಾಲೆಯಿಂದ ನಿವೃತ್ತರಾಗುತ್ತಿದ್ದ ನಮ್ಮ ಮೇಷ್ಟ್ರ ಬೀಳ್ಕೊಡುಗೆಗೆ ಸಮಿತಿಯವರು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಆಗ ನಾನು ಶ್ರೀನಿವಾಸಪುರದಲ್ಲಿದ್ದೆ. ಅಲ್ಲಿಂದ ನನ್ನನ್ನು ಕರೆಸಿಕೊಳ್ಳಲು ಅವರು ಕೊಟ್ಟ ಕಾರಣ, "ಇಂವ ಎಲ್ಲಾದಕ್ಕೂ ಮುಂಚೇನೇ ಹೆದರಿಬಿಡ್ತಾನೆ, ನಮಗೆ ಆ ಕೆಲಸ ತಪ್ಪತ್ತೆ" ಎಂದು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಮೇಲೆ ಬರೆದದ್ದರಲ್ಲಿ ಕೊನೆಯದೊಂದನ್ನು ಬಿಟ್ಟರೆ ಯಾವುದೂ ನಡೆಯಲಿಲ್ಲ. ಅದಕ್ಕೆ ಕಾರಣವಾಗಿ ಬೇರೊಂದು ನಡೆಯಿತು, ಬಲು ಸಣ್ಣದು. ಅದು ಸಣ್ಣದು ಹೇಗೆ, ದೊಡ್ಡದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಆಸಾಮಿಯ ಪರಿಚಯವಾಗಬೇಕು. ಹೆಸರು ಹೇಳುವುದಿಲ್ಲ. ಹೋದ ತಿಂಗಳು ಮಾಲೂರಿನಲ್ಲಿ, ತಮ್ಮನ ಮನೆಯಲ್ಲಿ ತೀರಿಕೊಂಡರಂತೆ. ಬದುಕಿದ್ದಿದ್ದರೆ, "ನನ್ನ ಹೆಸರು ಹಾಕಿ ನಿನ್ನ ಮಾತು ಮಾರಬೇಡ ಕಣಯ್ಯ" ಎನ್ನುತ್ತಿದ್ದರು.

ನನಗೆ ಮೊದಲ ನೌಕರಿ ಆದದ್ದು ಅವರ ಶಾಲೆಯಲ್ಲಿ. ಅವರ ಮನೆಯ ಜಗಲಿ ಕೋಣೆಯಲ್ಲೇ ಬಿಡಾರ, ಅವರಲ್ಲೇ ಊಟ. ಆಗ ಅವರು ನಶ್ಯದ ಮೇಷ್ಟ್ರು. ಕರಿ ಕೋಟಿನ ಎದೆಯ ಮೇಲೆ ಯಾವಾಗಲೂ ಕಂದುಬಣ್ಣದ ಪುಡಿ, ಮೂಗಿನ ಕೆಳಗೆ ಇರುವೆ ಸಾಲು ಹರಿದ ಹಾಗೆ ಒಂದು ಗೆರೆ. ಒಂದು ಕಾಲದಲ್ಲಿ ಬಿಳಿಯದಾಗಿದ್ದ ಕರ್ಚೀಫು. ನಂಗಲಿಯ ಕಡೆಯಿಂದ ಬರುತ್ತಿದ್ದ ಮದರಾಸು ನಶ್ಯವೇ ಆಗಬೇಕು, ಬೇರೆಯದಕ್ಕೆ ಘಾಟು ಸಾಲದು.

ನಶ್ಯ ಏರಿಸುವುದರಲ್ಲಿ ಅವರದೊಂದು ಶಾಸ್ತ್ರವಿತ್ತು. ಅರ್ಚನೆಯಲ್ಲಿ ಒಂದೊಂದು ಹೂವಿಗೆ ಒಂದೊಂದು ನಾಮ ಹೇಳುವಂತೆ, ಅವರು ಒಂದೊಂದು ಚಿಟಿಕೆಗೆ ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. "ಇದು ಇನ್‌ಸ್ಪೆಕ್ಟರಿಗೆ." ಸುಂಯ್. "ಇದು ನಮ್ಮ ಭಾವಮೈದನಿಗೆ." ಸುಂಯ್. ಮಾಲೂರಿನ ಹೆಡ್ಮಾಸ್ತರಿಕೆ ತಮಗೇ ಬರುತ್ತದೆಂದು ನಂಬಿಕೊಂಡಿದ್ದರು. ಅದು ಬೇರೊಬ್ಬರಿಗೆ ಹೋದ ಮೇಲೆ ಮಾಲೂರಿನವರಿಗೆ ಎರಡು ಹೊಳ್ಳೆಯಲ್ಲೂ ಸೇವೆ ಸಲ್ಲುತ್ತಿತ್ತು. ನನಗೂ ಆಗಾಗ ಒಂದು ಚಿಟಿಕೆ ದಕ್ಕುತ್ತಿತ್ತು: "ಇದು ನಿನಗೆ ಕಣಯ್ಯ. ಬೆಳಗಾಗೆದ್ದು ನಿನ್ನ ಗೋಳು ಕೇಳಿದ್ದಕ್ಕೆ." ಹೀಗೆ ಊರವರೆಲ್ಲ ಸೇರಿ ಅವರ ಮೂಗಿಗೆ ನಶ್ಯ ತುಂಬುತ್ತಿದ್ದೆವು, ಅವರು ಪಾಪ, ಮೂಗು ಒಡ್ಡಿಕೊಂಡು ನಿಂತವರು, ಅಷ್ಟೇ.

ಹೆಸರಿಲ್ಲದ ಚಿಟಿಕೆ ಒಂದೇ. ಬೆಳಗ್ಗೆ ಸ್ನಾನವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ನಿಂತು, ಏನೂ ಹೇಳದೆ ಏರಿಸುತ್ತಿದ್ದರು. ಅವರಿಗೆ ಒಂದು ಹೆಣ್ಣು ಮಗು ಇತ್ತೆಂದೂ ಜ್ವರದಲ್ಲಿ ಹೋಯಿತೆಂದೂ ನಶ್ಯ ಹಿಡಿದದ್ದು ಆಮೇಲೆಯೇ ಎಂದೂ ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದರು.

ಆಕೆ ನಡುಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬಿದಿರಿನ ತಟ್ಟೆಗಳನ್ನು ಎರಡು ಬದಿಯ ಗೋಡೆಗೂ ಅಟ್ಟಣೆ ಮಾಡಿ ಜೋಡಿಸಿತ್ತು. ರಾಶಿ ಹುಳ ಸೊಪ್ಪು ಮೇಯುವ ಸದ್ದನ್ನು ಕೆಲವರು ತುಂತುರು ಮಳೆಯ ಹಾಗಿದೆ ಎನ್ನುತ್ತಾರೆ. ನನಗೆ ಮಾತ್ರ ಯಾರೋ ನನ್ನ ವಿಷಯ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು.

ಹುಳದ ಮನೆಗೆ ಮಡಿ ಜಾಸ್ತಿ. ಬಾಗಿಲಿಗೆ ಬೇವಿನ ಸೊಪ್ಪು, ಸುಣ್ಣದ ಬೊಟ್ಟಿಟ್ಟ ಮಸಿಗಡಿಗೆ. ಹೊರಗಿನವರ ಕಣ್ಣು ಬೀಳಕೂಡದು. ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು ಹೊಸಿಲು ದಾಟಕೂಡದು. ಹೊಗೆಸೊಪ್ಪು ಹುಳಕ್ಕೆ ವಿಷವೆಂಬುದು ಆ ಸೀಮೆಯ ಕೂಸಿಗೂ ಗೊತ್ತು. ಈ ಕಾನೂನಿನ ಪಹರೆ ಸ್ವತಃ ಮೇಷ್ಟ್ರದು. ಬಾಗಿಲಲ್ಲಿ ನಿಂತು, ಕೂಲಿಗೆ ಬಂದವರನ್ನೆಲ್ಲ ತಡೆದು, "ಎಲ್ಲಿ, ಬಾಯಿ ತೆಗಿ. ಕೈ ತೋರ್ಸು. ಬೀಡಿ ಮುಟ್ಟಿದ್ಯೇನ್ಲಾ?" ಎಂದು ವಿಚಾರಿಸಿ, ಸಮಾಧಾನವಾದ ಮೇಲೆ ಬೆರಳ ಸಂದಿಯಲ್ಲಿ ಸಿದ್ಧವಿದ್ದ ಚಿಟಿಕೆಯನ್ನು ಮೂಗಿಗೇರಿಸುತ್ತಿದ್ದರು.

ನಶ್ಯವೆಂದರೆ ಹೊಗೆಸೊಪ್ಪಿನ ಪುಡಿಯೇ. ಆದರೆ ಅದನ್ನು ಹೊಗೆಸೊಪ್ಪಿನ ಪಂಕ್ತಿಯಲ್ಲಿ ಕೂರಿಸುವುದು ನಮ್ಮ ಬೀದಿಯಲ್ಲಿ ಯಾರಿಗೂ ತೋಚಿರಲಿಲ್ಲ. ಹೊಗೆಸೊಪ್ಪು ಕೂಲಿಯವರ ಚಟ. ನಶ್ಯ ಓದಿದವರ ತಲೆನೋವಿಗೆ ಮದ್ದು. ಈ ಭೇದ ಹುಳಗಳಿಗೆ ತಿಳಿಯಲಿಲ್ಲ. ಅವು ಶಾಲೆಗೆ ಹೋದವಲ್ಲ.

ಮಾಲೂರಿನ ಕೆಲಸ ತಪ್ಪಿದ ಆ ವರ್ಷ ಮೇಷ್ಟ್ರು ಮನಸ್ಸು ಸರಿಯಿಲ್ಲವೆಂದು ರಜೆ ಹಾಕಿ ಮನೆಯಲ್ಲಿ ಕೂತರು. ಕೂತವರು ಬೇಸರ ಕಳೆಯಲು ಒಂದು ಬದಿಯ ತಟ್ಟೆಗಳಿಗೆ ತಾವೇ ಸೊಪ್ಪು ಹಾಕತೊಡಗಿದರು. ಒಂದು ಹಿಡಿ ಸೊಪ್ಪು, ಒಂದು ಚಿಟಿಕೆ ಮಾಲೂರು. ಮತ್ತೊಂದು ಹಿಡಿ ಸೊಪ್ಪು. ಹುಳ ಕೊನೆಯ ಜ್ವರ ದಾಟಿ, ಅಂದರೆ ಕೊನೆಯ ಪೊರೆ ಬಿಟ್ಟು, ದಪ್ಪಗಾಗಿದ್ದವು, ಇನ್ನೇನು ಗೂಡು ಕಟ್ಟಬೇಕು. ಆಗ ಒಂದು ಬೆಳಗ್ಗೆ, ನಮಗೆ ಹಿಪ್ಪುನೇರಳೆ ಸೊಪ್ಪು ತಂದು ಹಾಕುತ್ತಿದ್ದ ಮುನಿಯಕ್ಕ ಕುಕ್ಕೆ ಇಳಿಸುವಾಗ ಬಾಗಿಲಿಂದ ಇಣುಕಿ ನೋಡಿ, "ಅಬ್ಬಬ್ಬಾ, ಏಮಿ ಹುಳ ತಾಯೀ! ಒಂದೊಂದೂ ನನ್ ಕೈಬೆಟ್ಟಿನ ಗಾತ್ರ ಅವೆ!" ಎಂದಳು.

ಮಾರನೆಯ ದಿನ ಅರ್ಧದಷ್ಟು ಹುಳಗಳು ತಲೆಯೆತ್ತಿ ಹೊರಳಾಡಿ, ಹಸಿರು ನೀರು ಕಕ್ಕಿ, ಕುಗ್ಗಿ ಸತ್ತವು.

ತೀರ್ಪು ಸ್ನಾನದ ಹೊತ್ತಿಗೆ ಮುಂಚೆಯೇ ಆಗಿಹೋಯಿತು. ಮುನಿಯಕ್ಕನ ಕಣ್ಣು. ನಮ್ಮ ಬೀದಿಯಲ್ಲಿ ಹುಳ ಸಾಕುವ ಮನೆಗಳೆಲ್ಲ ಅವಳ ಸೊಪ್ಪು ಬೇಡವೆಂದವು. ಅವಳಿಗಿದ್ದದ್ದು ಅದೊಂದೇ ಕಸುಬು. ಗಂಡನಿಗಿದ್ದದ್ದು ಸೇಂದಿ ಅಂಗಡಿಯ ದಾರಿಯೊಂದೇ. ಎದುರು ಮನೆಯ ಶಾನುಭೋಗರು ನ್ಯಾಯವಂತರು, ವಿಚಾರಿಸದೆ ಯಾರನ್ನೂ ಓಡಿಸುವವರಲ್ಲ. "ಶುಕ್ರವಾರ ಗಂಗಮ್ಮನ ಗುಡೀಲಿ ಅಂಗೈ ಮೇಲೆ ಕರ್ಪೂರ ಹಚ್ಚಿ ಆರಿಸ್ಲಿ. ಕೈ ಸುಟ್ರೆ ಅವಳದೇ ಕಣ್ಣು, ಊರು ಬಿಡ್ಬೇಕು" ಎಂದರು. ಕೈ ಸುಡದ ಕರ್ಪೂರ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ.

ಮುನಿಯಕ್ಕ ಬೀದಿಯಲ್ಲಿ ನಿಂತು ಕೂಗಿದಳು: "ನನ್ ಕಣ್ಗೆ ಅಷ್ಟು ಶಕ್ತಿ ಇದ್ದಿದ್ರೆ ದಿನಾ ಆ ಸೇಂದಿ ಅಂಗ್ಡೀನ ನೋಡ್ತಾ ನಿಂತಿರ್ತಿದ್ದೆ ಸಾಮಿ! ಹುಳುಕ್ಕೆ ಯಾಕೆ ಹಾಕ್ಲಿ?"

ಶಾನುಭೋಗರಿಗೆ ಇದು ಉದ್ಧಟತನವಾಗಿ ಕಂಡಿತು. ಮೇಷ್ಟ್ರು ಕಿಟಕಿ ಮುಚ್ಚಿ ಒಂದು ಚಿಟಿಕೆ ಅವಳ ಹೆಸರಿಗೂ ಏರಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವರ ಹೆಂಡತಿ ಬಡಿಸುತ್ತಾ, ಸಾರಿಗೆ ಉಪ್ಪು ಕಮ್ಮಿಯಾಯಿತೇ ಎಂದು ಕೇಳುವ ದನಿಯಲ್ಲೇ, "ಸತ್ತಿದ್ದೆಲ್ಲ ಆ ಕಡೆ ಗೋಡೆ ತಟ್ಟೇವು. ನೀವು ಸೊಪ್ಪು ಹಾಕಿದ್ದು. ಈ ಕಡೆ ನಾನು ಹಾಕಿದ್ದು ಚೆನ್ನಾಗಿವೆ" ಎಂದರು.

"ಅದಕ್ಕೇನೀಗ?"

"ಏನೂ ಇಲ್ಲ. ಮುನಿಯಕ್ಕನ ಕಣ್ಣು ಭಾಳ ಜಾಣ ಕಣ್ಣು ಅಂತಿದ್ದೆ. ನಿಮ್ಮ ತಟ್ಟೆ ಯಾವುದು, ನನ್ನ ತಟ್ಟೆ ಯಾವುದು ಅಂತ ಆರಿಸಿ ಆರಿಸಿ ಬಿದ್ದಿದೆ."

ಜಗಳ ಹೊರಳಿ ನನ್ನ ಮೇಲೆ ಬರಬಹುದೆಂದು ನಾನು ತಲೆ ಬಗ್ಗಿಸಿ ಅನ್ನ ಕಲಸುತ್ತಲೇ ಇದ್ದೆ. ಮೇಷ್ಟ್ರು ಅರ್ಧ ಊಟದಲ್ಲಿ ಎದ್ದರು. ಕೈ ತೊಳೆದರು. ಡಬ್ಬಿ ತೆಗೆದು ಚಿಟಿಕೆ ಹಿಡಿದು, "ಇದು ನಿನಗೇ ಕಣೇ!" ಎಂದು ಹೆಂಡತಿಯ ಕಡೆ ತಿರುಗಿದರು. ಕೈ ಅರ್ಧದಲ್ಲೇ ನಿಂತಿತು. ತೊಳೆದ ಕೈ, ಬೆರಳ ತುದಿ ಮಾತ್ರ ಕಂದು. ಉಗುರಿನ ಸಂದಿಯೂ ಕಂದು. ಅದನ್ನೇ ನೋಡುತ್ತಾ ನಿಂತರು. ಆಮೇಲೆ ಚಿಟಿಕೆಯನ್ನು ಡಬ್ಬಿಗೆ ಉದುರಿಸಿ, ಹಿತ್ತಿಲ ಕಡೆ ಹೋದರು.

ಶುಕ್ರವಾರ ಗುಡಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಪರರ ಕೈ ಸುಡುವುದನ್ನು ನೋಡಲು ನಮ್ಮಲ್ಲಿ ಎಂದೂ ಜನಕ್ಕೆ ಬರವಿಲ್ಲ. ಮುನಿಯಕ್ಕ ಸೆರಗು ಸಿಕ್ಕಿಸಿ ಅಂಗೈ ಚಾಚಿಯೂ ಆಗಿತ್ತು. ಮೇಷ್ಟ್ರು ನಡುವೆ ನುಗ್ಗಿ ಶಾನುಭೋಗರ ಕೈಯಿಂದ ಕರ್ಪೂರ ಕಸಿದುಕೊಂಡರು.

"ಆರಿಸೋದಾದ್ರೆ ನಾನು ಆರಿಸ್ಬೇಕು. ಅವಳಲ್ಲ."

"ನೀವ್ಯಾಕೆ ಮೇಷ್ಟ್ರೇ? ನಷ್ಟ ಆಗಿರೋದು ನಿಮಗೆ."

ಮೇಷ್ಟ್ರು ಡಬ್ಬಿ ತೆಗೆದು ಗುಡಿಯ ಮೆಟ್ಟಿಲ ಮೇಲಿಟ್ಟರು. "ಕೊಂದಿದ್ದು ಇದು. ಇದೂ ಹೊಗೆಸೊಪ್ಪೇ. ಇದನ್ನು ಮುಟ್ಟಿದ ಕೈಲಿ ನಾನೇ ಸೊಪ್ಪು ಹಾಕಿದೆ."

ಜನ ಗುಜುಗುಜು ಎಂದಿತು. ಶಾನುಭೋಗರಿಗೆ ಕರುಣೆ ಉಕ್ಕಿತು. ಕೈ ಚಾಚಿ ನಿಂತವಳ ಮೇಲೆ ಉಕ್ಕದಿದ್ದುದು ಕೋಟು ಹಾಕಿದವರ ಮೇಲೆ ಧಾರಾಳವಾಗಿ ಉಕ್ಕಿತು. "ಬಿಡಿ ಮೇಷ್ಟ್ರೇ, ನಿಮ್ಮದೇನು ತಪ್ಪು? ಮಗು ಹೋದ ಸಂಕಟದಲ್ಲಿ ಹತ್ತಿದ ಅಭ್ಯಾಸ. ಮೇಲೆ ಆ ಮಾಲೂರಿನ ಅನ್ಯಾಯ. ನಿಮ್ಮ ಜಾಗದಲ್ಲಿ ಯಾರಿದ್ರೂ..."

"ಮಗು ಹೋಯ್ತು. ಅದು ನನ್ನ ಕೈಲಿರಲಿಲ್ಲ" ಎಂದರು ಮೇಷ್ಟ್ರು. ಪಾಠ ಹೇಳುವ ದನಿ. "ಮಾಲೂರೂ ನನ್ನ ಕೈಲಿರಲಿಲ್ಲ. ಡಬ್ಬಿ ಇದ್ದದ್ದು ಮಾತ್ರ ನನ್ನ ಕೈಲೇ ಸ್ವಾಮಿ. ಸತ್ತ ಮಗು ಎದ್ದು ಬಂದು ನನ್ನ ಮೂಗಿಗೆ ನಶ್ಯ ಹಾಕ್ತಾ? ಇಷ್ಟು ದಿನ ನನ್ನ ತಪ್ಪನ್ನ ಅದರ ತಲೆಗೂ ಕಟ್ಟಿದೆ."

ಮುನಿಯಕ್ಕ ಚಾಚಿದ ಕೈ ಹಿಂದೆಗೆದು ಸೆರಗಿಗೆ ಒರೆಸಿಕೊಂಡು ಕೇಳಿದಳು: "ಹಂಗಾದ್ರೆ ಸಾಮಿ, ಸೊಪ್ಪು ತರ್ಲಾ ಬೇಡ್ವಾ? ಕುಯ್ದಿಟ್ಟಿದ್ದು ಬಾಡ್ತಾ ಅದೆ."

ಬೀದಿ ಸೊಪ್ಪು ತೆಗೆದುಕೊಂಡಿತು, ಆದರೆ ಸೋಲು ಒಪ್ಪಿಕೊಳ್ಳಲಿಲ್ಲ. ಅವಳ ಕಣ್ಣು ಬಿದ್ದದ್ದು ಹುಳದ ಮೇಲಲ್ಲ, ಡಬ್ಬಿಯ ಮೇಲೆ ಎಂಬ ಹೊಸ ವ್ಯಾಖ್ಯಾನ ಒಂದು ವಾರದಲ್ಲೇ ಹೊರಟಿತು.

ಮೇಷ್ಟ್ರು ನಶ್ಯ ಬಿಟ್ಟರು. ಬಿಟ್ಟ ಮೊದಲ ದಿನಗಳನ್ನು ನೆನೆದರೆ, ಅವರು ಹಾಕುತ್ತಲೇ ಇದ್ದಿದ್ದರೆ ಊರಿಗೆ ಕ್ಷೇಮವಾಗುತ್ತಿತ್ತೇನೋ ಎನ್ನಿಸುತ್ತದೆ. ಕೈ ಕೋಟಿನ ಜೇಬು ತಡಕುತ್ತಿತ್ತು, ಹೆಜ್ಜೆ ಸಪ್ಪಳಕ್ಕೂ ರೇಗುತ್ತಿದ್ದರು. ಆದರೆ ರೇಗುವುದಕ್ಕೂ ಈಗ ಹೊಸ ಶಾಸ್ತ್ರ ಬಂದಿತ್ತು. ತರಗತಿಗೆ ಬಂದವರು ಮೇಜು ಕುಟ್ಟಿ ಪ್ರಕಟಿಸುತ್ತಿದ್ದರು: "ಇವತ್ತು ನನಗೆ ಸಿಟ್ಟಿದೆ. ಅದು ಮನೆಯಿಂದ ತಂದದ್ದು, ನಿಮ್ಮದಲ್ಲ. ಲೆಕ್ಕ ತಪ್ಪಾದರೆ ಮಾತ್ರ ಅದು ನಿಮ್ಮದು." ಮಕ್ಕಳು ಇದಕ್ಕೆ ಎಷ್ಟು ಒಗ್ಗಿಹೋದರೆಂದರೆ, "ಸಾರ್, ಇವತ್ತು ಎಷ್ಟು ತಂದಿದ್ದೀರಿ?" ಎಂದು ಕೇಳುತ್ತಿದ್ದರು.

ಒಮ್ಮೆ ಆವನಿಯ ಕಡೆಯ ಗೌಡರೊಬ್ಬರು ಮಗನ ಬೆನ್ನ ಮೇಲೆ ಬಾಸುಂಡೆ ಬರಿಸಿ ಶಾಲೆಗೆ ಕರೆತಂದು, "ಏನ್ಮಾಡೋದು ಸಾ, ಇವ್ನೇ ನಂಗೆ ಸಿಟ್ಟು ತರಿಸ್ದ" ಎಂದರು.

"ಹೌದಾ? ಯಾವ ಕೈಲಿ ತಂದುಕೊಟ್ಟ?"

ಗೌಡರು ಮಿಕಮಿಕ ನೋಡಿದರು.

"ಹೋಗ್ಲಿ, ನೀವು ಯಾವ ಕೈಲಿ ಈಸ್ಕೊಂಡ್ರಿ? ಬಾರುಕೋಲು ಹಿಡಿದ ಕೈಲೇ ತಾನೆ?"

ಗೌಡರು ಆಮೇಲೆ ಹೊಡೆಯುವುದು ಬಿಟ್ಟರೆಂದು ಬರೆಯಲು ನನಗೂ ಆಸೆಯೇ. ಗೊತ್ತಿಲ್ಲ. ಮೇಷ್ಟ್ರ ಬಳಿ ಬರುವುದನ್ನಂತೂ ಬಿಟ್ಟರು.

ನನ್ನನ್ನೂ ಬಿಡಲಿಲ್ಲ. ಆ ಕಾಲಕ್ಕೆ ನಾನು ಮದುವೆಯಾಗಿ ಬೇರೆ ಮನೆ ಮಾಡಿದ್ದೆ. ಹೊಟ್ಟೆಯಲ್ಲಿ ಉರಿ ಶುರುವಾಗಿತ್ತು. ಅದಕ್ಕೆ ನಾನು ಕಂಡುಕೊಂಡ ಕಾರಣಗಳು: ಹೆಂಡತಿಯ ಹುಣಿಸೆಹಣ್ಣು, ಮುಳಬಾಗಿಲಿನ ನೀರು, ಶನಿಯ ದೃಷ್ಟಿ, ವರ್ಗವಾದೀತೆಂಬ ಸುದ್ದಿ. ಇದನ್ನೆಲ್ಲ ಅವರ ಜಗಲಿಯಲ್ಲಿ ಕೂತು, ಅವರದೇ ಕಾಫಿಯನ್ನು ಲೋಟದ ಮೇಲೆ ಲೋಟ ಕುಡಿಯುತ್ತಾ ವಿವರಿಸಿದೆ. ಎಲ್ಲ ಕೇಳಿ ಅವರು ಹೇಳಿದರು:

"ಯೋಚನೆ ಅನ್ನೋದು ನಿನ್ನ ನಶ್ಯ ಕಣಯ್ಯ. ನಾನು ಮೂಗಿಗೆ ಏರಿಸ್ತಿದ್ದೆ, ನೀನು ನೆತ್ತಿಗೆ ಏರಿಸ್ತೀಯ. ಶನಿಗೆ ಒಂದು ಚಿಟಿಕೆ, ಹೆಂಡ್ತಿಗೆ ಒಂದು ಚಿಟಿಕೆ. ಮೊದಲು ಆ ಲೋಟ ಕೆಳಗಿಡು."

ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಮೇಷ್ಟ್ರಿಗೆ ಬೇಜಾರಾಯಿತೇನೋ ಎಂದು ಯೋಚನೆ ಹತ್ತಿತು.

ಅವರಿಗೆ ಹಿಡಿಸದ ಒಂದೇ ಒಂದು ಸಂಗತಿಯೆಂದರೆ ನಶ್ಯ ಬಿಟ್ಟದ್ದಕ್ಕೆ ಬಂದ ಕೀರ್ತಿ. ಬರಬರುತ್ತಾ ಊರು ಅವರನ್ನು ಚಟ ಗೆದ್ದ ಮಹಾಪುರುಷರನ್ನಾಗಿ ಮಾಡಿ, ಪಾನನಿರೋಧದ ಭಾಷಣಗಳಿಗೆಲ್ಲ ಎಳೆದಾಡಿತು. "ಗೆದ್ದಿದ್ದು ಎಲ್ಲಿ ಬಂತು? ಇವತ್ತು ಹಾಕಿಲ್ಲ, ಅಷ್ಟೇ. ಸಂಜೆ ಇನ್ನೂ ಆಗಿಲ್ಲ" ಎಂದು ಅವರು ಗೊಣಗಿದರೆ, ಅದನ್ನು ವಿನಯವೆಂದು ಚಪ್ಪಾಳೆ ತಟ್ಟುತ್ತಿದ್ದರು.

ಬೀಳ್ಕೊಡುಗೆಯ ದಿನ ಬಂತು. ಬಸ್ಸು ಏರು ಹತ್ತಿತು. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಹೆಂಚಿನ ಕಡೆ ಕಣ್ಣೆತ್ತಲಿಲ್ಲ. ಮಿಠಾಯಿ ಬೆಣ್ಣೆಯಂತಿತ್ತು. ಹುಡುಗಿ ಚೆನ್ನಾಗಿ ಹಾಡಿದಳು. ಇಷ್ಟೆಲ್ಲ ಸರಿಹೋದದ್ದು ನೋಡಿ ನನ್ನ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳತೊಡಗಿತು. ವೇದಿಕೆಯ ಮೇಲೆ ಮೇಷ್ಟ್ರ ಪಕ್ಕದಲ್ಲೇ ನನ್ನ ಕುರ್ಚಿ. ಸಭೆಗೆ ಮುಂಚೆ ಅವರು ಒಬ್ಬರೇ ಖಾಲಿ ತರಗತಿಗಳನ್ನೆಲ್ಲ ಸುತ್ತಿ ಬಂದಿದ್ದರು. ಬಂದು ಕೂತಾಗ ಬಹಳ ವರ್ಷದಿಂದ ನನ್ನ ಮೂಗು ಮರೆತಿದ್ದ ಒಂದು ಘಾಟು ಬಂತು. ಹಾರದ ಚೆಂಡುಹೂವಿನದಿರಬೇಕು ಎಂದುಕೊಂಡೆ. ಹೆದರಬೇಕಾದಾಗ ಹೆದರದಿರುವುದು ನನ್ನಂಥವರ ಲಕ್ಷಣ.

ಅಧ್ಯಕ್ಷರು ಕಾಗದ ಹಿಡಿದು ಎದ್ದರು. "ಎಲೈ ಬಾಲಕರಿರಾ, ನೋಡಿ ಕಲಿಯಿರಿ! ಯಾವ ಮಹನೀಯರು ನಶ್ಯವೆಂಬ ದುಶ್ಚಟವನ್ನು ಬೇರುಸಹಿತ ಕಿತ್ತೊಗೆದು, ಅಂದಿನಿಂದ ಇಂದಿನವರೆಗೆ..."

ಮೇಷ್ಟ್ರು ಸೀನಿದರು.

ಒಂಟಿ ಸೀನು. ಶುಭಕಾರ್ಯದಲ್ಲಿ ಒಂಟಿ ಸೀನು ಕೇಡು, ಜೋಡಿಯಾದರೆ ದೋಷವಿಲ್ಲ. ಅಧ್ಯಕ್ಷರು ಮಾತು ನಿಲ್ಲಿಸಿದರು. ಇಡೀ ಸಭೆ ಉಸಿರು ಹಿಡಿದು ಇನ್ನೊಂದು ಸೀನಿಗೆ ಕಾಯಿತು. ಬರಲಿಲ್ಲ.

"ಚೆಂಡುಹೂವಿನ ಧೂಳು" ಎಂದರು ಇನ್‌ಸ್ಪೆಕ್ಟರು.

"ಹೊಸ ಚಪ್ಪರ ಅಲ್ವೇ, ಗರಿ ಧೂಳು" ಎಂದೆ ನಾನು.

"ನಶ್ಯ ಹಾಕೋ ಮೂಗು ಸೀನೋದೇ ಇಲ್ಲ! ಬಿಟ್ಟಿದ್ದಾರೆ ಅನ್ನೋದಕ್ಕೆ ಇದೇ ಸಾಕ್ಷಿ!" ಎಂದು ಅಧ್ಯಕ್ಷರು ಗೆಲುವಾದರು. ಚಪ್ಪಾಳೆ ಬಿತ್ತು. ಅಷ್ಟು ಹೊತ್ತಿಗೆ ಅಷ್ಟೊಂದು ನೆಪಗಳನ್ನು ಹಾರದ ಜೊತೆಗೇ ಅವರ ಕೊರಳಿಗೆ ಹಾಕಿದ್ದೆವು. ಸುಮ್ಮನೆ ಕೂತಿದ್ದರೆ ಮಹಾಪುರುಷರಾಗಿಯೇ ಮನೆಗೆ ಹೋಗಬಹುದಿತ್ತು.

ಮೇಷ್ಟ್ರು ಎದ್ದು ನಿಂತರು. "ಹೂವಿನ ತಪ್ಪಲ್ಲ, ಚಪ್ಪರದ್ದೂ ಅಲ್ಲ. ಈಗ ತಾನೇ ಜವಾನನ ಹತ್ರ ಒಂದು ಚಿಟಿಕೆ ಈಸ್ಕೊಂಡು ಹಾಕಿದೆ. ಅವನು ಬೇಡ ಸಾರ್ ಅಂದ, ನಾನೇ ಬಲವಂತ ಮಾಡಿದೆ. ನಾಳೆಯಿಂದ ಇಲ್ಲಿಗೆ ಬರೋ ಹಾಗಿಲ್ಲವಲ್ಲ ಅಂತ ಸಂಕಟ ಆಯ್ತು. ಅತ್ತಿದ್ರೆ ಆಗ್ತಿತ್ತು, ನಾಚಿಕೆ ಆಯ್ತು. ಇನ್ನು ಮತ್ತೆ ಮೊದಲಿಂದ ಬಿಡ್ಬೇಕು. ಅಧ್ಯಕ್ಷರು ಆ ಒಂದು ಮಾತು ಬಿಟ್ಟು ಮುಂದೆ ಓದಬೇಕು."

ಅಧ್ಯಕ್ಷರು ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಉಳಿದದ್ದರಲ್ಲೆಲ್ಲ ಅದೇ ಮಾತಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ಇಳಿಯುವುದನ್ನು ಕಂಡು ಅವರಿಗೆ ಹೋದ ಜೀವ ಬಂದಂತಾಯಿತು.

"ಪಾಪ, ನಶ್ಯ ಕಣ್ಣಿಗೆ ಹೋಗಿದೆ, ಯಾರಾದ್ರೂ ನೀರು ತನ್ನಿ."

"ನಶ್ಯ ಅಲ್ಲ" ಎಂದರು ಮೇಷ್ಟ್ರು. "ಅಳ್ತಿದೀನಿ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಕ್ಕಳೆದುರಿಗೆ, ಇನ್‌ಸ್ಪೆಕ್ಟರ ಎದುರಿಗೆ, ಸಾವಕಾಶವಾಗಿ ಅತ್ತರು. ಯಾರಿಗೆ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಅವರ ಹೆಂಡತಿ ಮಾತ್ರ ನೆಟ್ಟಗೆ ಅವರನ್ನೇ ನೋಡುತ್ತಿದ್ದರು. ಆಮೇಲೆ ಮೇಷ್ಟ್ರು ಮುಖ ಒರೆಸಿಕೊಂಡು, ಮಿಠಾಯಿ ಹಂಚಿ ಎಂದರು, ಹಂಚಿದೆವು. ವಂದನಾರ್ಪಣೆಯಲ್ಲಿ ನಾನು ಯಾರ ಹೆಸರನ್ನೂ ಬಿಡಲಿಲ್ಲ. ಮಳೆಯೂ ಬರಲಿಲ್ಲ. ಆ ದಿನ ಕೆಟ್ಟದ್ದು ಒಂದು ಸೀನು, ಅಷ್ಟೇ.